ಒಂದೇ ಸ್ವರದ ಜೊತೆಗಾರ

ಪಡುವಣದಿಂದ ಬರುವ ಪ್ರವಾಸಿಗನನ್ನು ರಬಕವಿ-ಬನಹಟ್ಟಿಗಳು ಮಗ್ಗಗಳ ಸದ್ದಿನಿಂದ ಎದುರುಗೊಳ್ಳುತ್ತವೆ. ಜಮಖಂಡಿಯಲ್ಲಿ ಪಟವರ್ಧನ ಅರಸರ ಅರಮನೆ ರಾಮತೀರ್ಥದ ಗುಡ್ಡದಿಂದ ಊರನ್ನು ನೋಡುತ್ತ ನಿಂತಿದೆ. ಮುಧೋಳವು ಕವಿ ರನ್ನನ ನೆಲವೆಂದು ಹೆಮ್ಮೆಪಡುತ್ತದೆ. ಅಲ್ಲಿಂದ ಮೂಡಣಕ್ಕೆ, ಕೃಷ್ಣೆ-ಘಟಪ್ರಭೆಗಳ ನಡುವಣ ಬೀಳಗಿಗೆ ಬಂದವನು ಅರೆತ್ತಿನ ಬಾವಿಯನ್ನೂ ಸಿದ್ಧೇಶ್ವರನ ಗುಡಿಯನ್ನೂ ನೋಡುವನು. ಆದರೆ ಇವೆರಡಕ್ಕಿಂತಲೂ ದೂರ ಸಾಗಿದ ಹೆಸರೊಂದು ಈ ಊರಿಗಿದೆ: ಸನಾದಿ ಅಪ್ಪಣ್ಣ.

ಶಹನಾಯಿಯನ್ನು ಈ ಸೀಮೆಯ ಜನ ಸನಾದಿ ಎನ್ನುವರು. ಅದನ್ನು ತಲೆತಲಾಂತರದಿಂದ ನುಡಿಸಿಕೊಂಡು ಬಂದವರು ಭಜಂತ್ರಿಗಳು. ಅವರ ನಾದವಿಲ್ಲದೆ ಮದುವೆಯ ಅಕ್ಷತೆ ಬೀಳುತ್ತಿರಲಿಲ್ಲ, ದೇವರ ಪಲ್ಲಕ್ಕಿ ಏಳುತ್ತಿರಲಿಲ್ಲ. ನಾದವು ಗರ್ಭಗುಡಿಯವರೆಗೆ ಹೋಗುತ್ತಿತ್ತು. ನುಡಿಸುವವನು ಮಾತ್ರ ಹೊರಗೇ ಉಳಿಯುತ್ತಿದ್ದನು.

ಬೀಳಗಿಯವರೇ ಆದ ಕಾದಂಬರಿಕಾರ ಕೃಷ್ಣಮೂರ್ತಿ ಪುರಾಣಿಕರು ಇಂತಹ ಕಲಾವಿದನ ಬಾಳನ್ನು ಕಥೆಯಾಗಿಸಿದರು. ಅದನ್ನಾಧರಿಸಿ ೧೯೭೭ರಲ್ಲಿ ಬಂದ ‘ಸನಾದಿ ಅಪ್ಪಣ್ಣ’ ಚಿತ್ರದಲ್ಲಿ ರಾಜಕುಮಾರರು ನಾಯಕರಾದರು. ಶಹನಾಯಿಯನ್ನು ನುಡಿಸಿದವರು ಬಿಸ್ಮಿಲ್ಲಾ ಖಾನರು. ಒಂದು ಹೆಸರು ನಾಡಿನ ಮನೆಮನೆಯನ್ನೂ ಮುಟ್ಟಿತು.

ಆದರೆ ಸನಾದಿಯ ಸಂಗೀತ ಒಬ್ಬನ ಉಸಿರಿನಿಂದ ಆಗುವುದಲ್ಲ. ರಾಗವನ್ನು ಬಿಡಿಸುವವನ ಪಕ್ಕದಲ್ಲಿ ಇನ್ನೊಬ್ಬನಿರುತ್ತಾನೆ. ಕೆನ್ನೆಯಲ್ಲಿ ಗಾಳಿ ತುಂಬಿಕೊಂಡು, ಮೂಗಿನಿಂದ ಉಸಿರೆಳೆಯುತ್ತ, ಆದಿಯಿಂದ ಅಂತ್ಯದವರೆಗೆ ಒಂದೇ ಸ್ವರವನ್ನು ಕಡಿಯದಂತೆ ಹಿಡಿಯುವುದು ಅವನ ಕೆಲಸ. ಅವನೇ ಶ್ರುತಿಯವನು. ಕರಡಿ ಮಜಲಿನ ಮೇಳವಾದರೆ ಕರಡಿ ಬಾರಿಸುವವರೂ ತಾಳದವರೂ ಕೂಡುತ್ತಾರೆ. ಯಾವ ಕಥೆಯೂ ಇವರ ಹೆಸರನ್ನು ಹೊತ್ತಿಲ್ಲ.

ಒಂದೇ ಸ್ವರದ ಈ ದುಡಿಮೆಗೆ ದೂರದ ರಷ್ಯದಲ್ಲೊಂದು ಹೋಲಿಕೆಯುಂಟು. ೧೭೫೦ರ ಸುಮಾರಿಗೆ ಬೊಹೀಮಿಯದ ಮರೆಶ್ ಎಂಬ ಸಂಗೀತಗಾರನು ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಕೊಂಬುಗಳ ಮೇಳವೊಂದನ್ನು ಕಟ್ಟಿದನು. ಒಂದು ಕೊಂಬಿಗೆ ಒಂದೇ ಸ್ವರ; ತನ್ನ ಸರದಿ ಬಂದಾಗ ಊದುವುದಷ್ಟೇ ಒಬ್ಬೊಬ್ಬನ ಪಾಲು. ಇಂತಹ ಮೇಳಗಳಲ್ಲಿ ಊದುತ್ತಿದ್ದವರು ಜಮೀನುದಾರರ ಜೀತದಾಳುಗಳು. ಒಡೆಯರ ಆಸರೆ ತಪ್ಪಿದಾಗ ಮೇಳಗಳೂ ಮಾಯವಾದವು. ನಮ್ಮ ಶತಮಾನದಲ್ಲಿ ಸೆರ್ಗೈ ಪೊಲ್ಯಾನಿಚ್ಕೊ ಎಂಬ ಸಂಗೀತ ನಿರ್ದೇಶಕರು ಕೊಂಬುಗಳನ್ನು ಹೊಸದಾಗಿ ಮಾಡಿಸಿ, ತರುಣರನ್ನು ಕೂಡಿಸಿ ಆ ನಾದವನ್ನು ಮರಳಿ ಎಬ್ಬಿಸಿದರು.

ಬೀಳಗಿಯ ಸೀಮೆಗೆ ಇನ್ನೂ ಅಂತಹ ಪುನರುಜ್ಜೀವನ ಬೇಕಾಗಿಲ್ಲ. ಸನಾದಿ ಇಲ್ಲಿ ಸತ್ತಿಲ್ಲ, ಕರೆಗಾಗಿ ಕಾದಿದೆ. ಅರಸರು ಹೋದ ಮೇಲೆ ಅದರ ಆಶ್ರಯದಾತರು ಮದುವೆ ಮಾಡುವ ಗೃಹಸ್ಥರೇ. ಬ್ಯಾಂಡು ಮತ್ತು ಧ್ವನಿವರ್ಧಕಗಳ ನಡುವೆ ಸನಾದಿಯವನನ್ನು ಕರೆಸಿದ ಮನೆಯಲ್ಲೂ ಖರ್ಚಿನ ಲೆಕ್ಕ ಬಂದೇ ಬರುವುದು. ‘ಒಬ್ಬನೇ ಸಾಲದೇನು?’ ಎಂದು ಯಜಮಾನರು ಕೇಳಿದರೆ ಮೊದಲು ಬಿಟ್ಟುಹೋಗುವವನು ಶ್ರುತಿಯವನು. ಮೇಳದಲ್ಲಿ ಕುಳಿತು ಒಂದು ಸ್ವರವನ್ನು ಹಿಡಿಯುವುದರಿಂದಲೇ ಮನೆಯ ಹುಡುಗರ ಪಾಠ ಶುರುವಾಗುವುದು. ಆ ಜಾಗ ಇಲ್ಲವಾದರೆ ನಾಳೆಯ ಅಪ್ಪಣ್ಣ ಎಲ್ಲಿ ಕುಳಿತು ಕಲಿಯಬೇಕು?