ಪಾಚಿಯ ವಿಷಯ

ನಮ್ಮ ನುಡಿಯಲ್ಲಿ ಪಾಚಿಗೆ ಎಂದೂ ಮರ್ಯಾದೆ ಸಿಕ್ಕಿದ್ದಿಲ್ಲ. ಬಚ್ಚಲ ಕಲ್ಲು ಪಾಚಿಗಟ್ಟಿದರೆ ಮನೆಯವರು ಸೋಮಾರಿಗಳು. ಕೆರೆ ಪಾಚಿಗಟ್ಟಿದರೆ ಊರಿಗೆ ಊರೇ ಸೋಮಾರಿ. ಹಲ್ಲು ಪಾಚಿಗಟ್ಟಿದವನ ವಿಷಯವಂತೂ ಹೇಳುವುದೇ ಬೇಡ. ಕಾಳಿದಾಸ ಶಾಕುಂತಲದಲ್ಲಿ ಶೈವಲವನ್ನು ನೆನೆದದ್ದುಂಟು, ನಿಜ. ಆದರೆ ಅದು ತಾವರೆಯ ಹೊಗಳಿಕೆಗೆ ಒದಗಿದ್ದೇ ಹೊರತು ಪಾಚಿಯ ಮೇಲಣ ಪ್ರೀತಿಗಲ್ಲ. ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವ ನಾನು ಈ ಲೋಳೆಯ ಪರವಾಗಿ ವಕಾಲತ್ತು ವಹಿಸುವ ಕಾಲ ಬಂದೀತೆಂದು ಯಾರು ಎಣಿಸಿದ್ದರು?

ನಮ್ಮ ಕಾಲೇಜಿನ ಸಸ್ಯಶಾಸ್ತ್ರದ ಅಧ್ಯಾಪಕಿಯೊಬ್ಬರು ಕಳೆದ ವರ್ಷ ವಿಜ್ಞಾನ ಸಂಘದಲ್ಲಿ ಒಂದು ಭಾಷಣ ಮಾಡುವವರಿದ್ದರು. ಹಳ್ಳಿಯಿಂದ ಬರುವ ಮಕ್ಕಳೇ ಹೆಚ್ಚು. ಕನ್ನಡದಲ್ಲಿ ಹೇಳಿದರೆ ಚೆನ್ನ ಎಂದು ಅವರಿಗೆ ಅನ್ನಿಸಿತು. ಪದಗಳಿಗಾಗಿ ನನ್ನ ಬಳಿಗೆ ಬಂದರು. ವಿಷಯ, ನೀಲಿ-ಹಸುರು ಪಾಚಿ ಬಿಸಿಲಿನ ಬಲದಿಂದ ಜಲಜನಕವನ್ನು ಹೊರಬಿಡುವುದು.

ಮೊದಲೇ ಒಂದು ತಕರಾರು. ಇದು ಪಾಚಿಯೇ ಅಲ್ಲವಂತೆ, ಬ್ಯಾಕ್ಟೀರಿಯದ ಜಾತಿಯಂತೆ! ಆದರೂ ಹಳೆಯ ಹೆಸರು ಹೋಗಿಲ್ಲ; ನಾನೂ ಅದನ್ನೇ ಹಿಡಿದುಕೊಂಡೆ. ಇನ್ನೂರು ಕೋಟಿ ವರ್ಷಗಳಿಗೂ ಹಿಂದೆ ನೀರನ್ನು ಒಡೆದು ಆಮ್ಲಜನಕವನ್ನು ಗಾಳಿಗೆ ಬಿಟ್ಟು ನಮ್ಮ ಉಸಿರಿಗೆ ದಾರಿ ಮಾಡಿಕೊಟ್ಟದ್ದು ಇದರ ವಂಶವೇ ಎಂದು ತಿಳಿದ ಮೇಲೆ ಹೆಸರಿನ ಜಗಳವೇಕೆ? ಇದರಲ್ಲಿ ಕೆಲವು ಬಗೆಗಳು ಇನ್ನೊಂದು ಉಪಕಾರವನ್ನೂ ಮಾಡುತ್ತವೆ. ಗಾಳಿಯ ನೂರರಲ್ಲಿ 78 ಪಾಲು ಸಾರಜನಕವಿದೆಯಷ್ಟೆ. ನಮ್ಮ ಭತ್ತದ ಪೈರು ಅದರಲ್ಲಿ ಮುಳುಗಿ ನಿಂತೂ ಅದನ್ನು ಉಣ್ಣಲಾರದು. ಗದ್ದೆಯ ನೀರಿನಲ್ಲಿರುವ ಈ ಪಾಚಿ ಅದನ್ನು ಹಿಡಿದು ಪಾಕ ಮಾಡಿಕೊಡುತ್ತದೆ. ಬಂಗಾಳದ ಗದ್ದೆಗಳ ವಿಷಯದಲ್ಲಿ ಪಿ. ಕೆ. ಡೇ ಎಂಬವರು ಇದನ್ನು 1939ರಲ್ಲಿ ಬರೆದರು; ಆಮೇಲೆ ಕಾಶಿಯ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಆರ್. ಎನ್. ಸಿಂಗ್ ಅವರು ಇದಕ್ಕಾಗಿ ಬಹುಕಾಲ ದುಡಿದರು.

ಈ ಪಾಕದ ಕತೆ ನನಗೆ ಬಹಳ ಹಿಡಿಸಿತು. ಸಾರಜನಕವನ್ನು ಪಳಗಿಸುವ ಕಿಣ್ವಕ್ಕೆ, ಅದರ ಹೆಸರು ನೈಟ್ರೋಜಿನೇಸ್, ಆಮ್ಲಜನಕ ಸೋಂಕಬಾರದು. ಸೋಂಕಿದರೆ ಕೆಟ್ಟಿತು. ಆದರೆ ಪಾಚಿ ಬಿಸಿಲಿಗೆ ಮೈಯೊಡ್ಡಿ ಹಗಲೆಲ್ಲ ಮಾಡುವುದು ಆಮ್ಲಜನಕವನ್ನೇ! ಒಂದೇ ಮನೆಯಲ್ಲಿ ಮಡಿಯ ಅಜ್ಜಿಯೂ ಇರಬೇಕು, ಬೀದಿ ಸುತ್ತಿ ಬರುವ ಮೊಮ್ಮಕ್ಕಳೂ ಇರಬೇಕು, ಏನು ಮಾಡುವುದು? ನಮ್ಮ ಹಿರಿಯರು ಕಂಡುಕೊಂಡ ಉಪಾಯವನ್ನೇ ಅನಬೀನ ಎಂಬ ಪಾಚಿಯೂ ಕಂಡುಕೊಂಡಿದೆ: ಅಡಿಗೆಮನೆಯನ್ನು ಬೇರೆ ಮಾಡುವುದು. ಅನಬೀನದ ಮೈ ಮಣಿಸರದಂತೆ. ಸಾರಜನಕದ ಉಪ್ಪು ನೀರಿನಲ್ಲಿ ಸಿಕ್ಕದಾಗ, ಹತ್ತಕ್ಕೋ ಇಪ್ಪತ್ತಕ್ಕೋ ಒಂದು ಮಣಿ ದಪ್ಪ ಗೋಡೆ ಕಟ್ಟಿಕೊಂಡು, ನೀರೊಡೆಯುವ ಕೆಲಸ ಬಿಟ್ಟು, ಒಳಗೆ ಕಿಣ್ವವನ್ನು ಕೂರಿಸುತ್ತದೆ. ಅಕ್ಕಪಕ್ಕದ ಮಣಿಗಳು ಸಕ್ಕರೆ ಕೊಡುತ್ತವೆ, ಇದು ಅವಕ್ಕೆ ಸಾರಜನಕದ ಅಡಿಗೆ ಬಡಿಸುತ್ತದೆ. ಬೆಳಕಿನಿಂದ ಶಕ್ತಿಯನ್ನು ಮಾತ್ರ ಇದೂ ಪಡೆಯುತ್ತದೆ. ಒಮ್ಮೆ ಹೀಗಾದ ಮಣಿ ಮತ್ತೆ ಎರಡಾಗಿ ಒಡೆಯುವುದಿಲ್ಲ, ಅದಕ್ಕೆ ಸಂತಾನವಿಲ್ಲ.

ಹೆಟೆರೊಸಿಸ್ಟ್ ಎಂಬ ಹೆಸರಿಗೆ ನಾನು ಮೊದಲು ‘ಭಿನ್ನಕೋಶ’ ಎಂದೆ. ಅಧ್ಯಾಪಕಿ ಒಪ್ಪಿದರು, ಉತ್ಸಾಹವಿಲ್ಲದೆ. ‘ಮಡಿಕೋಶ’ ಎಂದಾಗ ನಕ್ಕುಬಿಟ್ಟರು; ಭಾಷಣದಲ್ಲಿ ಬಳಸಿದ್ದು ಅದನ್ನೇ.

ಇನ್ನು ಜಲಜನಕಕ್ಕೆ ಬರೋಣ. ಸಾರಜನಕದ ಒಂದೊಂದು ಅಣುವನ್ನು ಅಮೋನಿಯ ಮಾಡುವಾಗಲೂ ಈ ಕಿಣ್ವ ಕಡೆಯಪಕ್ಷ ಒಂದು ಅಣು ಜಲಜನಕವನ್ನು ಚೆಲ್ಲುತ್ತದೆ. ಅವಸರದ ಕೈಯಲ್ಲಿ ಬಡಿಸುವಾಗ ನಾಲ್ಕು ಅಗುಳು ಎಲೆಯಾಚೆ ಬೀಳುವುದಿಲ್ಲವೆ, ಹಾಗೆ. ಪಾಚಿ ದುಂದುಗಾರನಲ್ಲ, ಚೆಲ್ಲಿದ್ದನ್ನು ಆಯ್ದುಕೊಳ್ಳಲು ಇನ್ನೊಂದು ಕಿಣ್ವವನ್ನು ಇಟ್ಟುಕೊಂಡಿದೆ. ಅನಬೀನದಿಂದ ಜಲಜನಕ ಹೊರಡುವುದನ್ನು ಅಮೆರಿಕದಲ್ಲಿ ಜಾಕ್ಸನ್ ಮತ್ತು ಎಲ್ಮ್ಸ್ 1896ರಷ್ಟು ಹಿಂದೆಯೇ ಗುರುತಿಸಿದ್ದರು. 1973ರ ಎಣ್ಣೆಯ ಬಿಕ್ಕಟ್ಟಿನ ಬೆನ್ನಿಗೇ, 1974ರಲ್ಲಿ, ಕ್ಯಾಲಿಫೋರ್ನಿಯದ ಬೆನೆಮನ್ ಮತ್ತು ವೇರ್ ಒಂದು ಪ್ರಯೋಗವನ್ನು ಪ್ರಕಟಿಸಿದರು. ಪಾಚಿಯ ಸೀಸೆಯಿಂದ ಸಾರಜನಕವನ್ನು ತೆಗೆದು ಆರ್ಗಾನ್ ತುಂಬಿದರು. ಬೇಯಿಸಲು ಅಕ್ಕಿಯಿಲ್ಲ, ಒಲೆ ಮಾತ್ರ ಉರಿಯುತ್ತಿದೆ. ಕಿಣ್ವ ತನ್ನ ಬಲವನ್ನೆಲ್ಲ ಜಲಜನಕ ಮಾಡುವುದಕ್ಕೇ ಸುರಿಯಿತು. ಬೆಳಕಿನಲ್ಲಿ, ಒಂದೇ ಸೀಸೆಯಿಂದ, ಜಲಜನಕ ಆಮ್ಲಜನಕ ಎರಡೂ ಹೊರಬಂದವು.

ಇಲ್ಲಿ ಭಾಷೆಯವನ ಒಂದು ಮಾತು, ಬೇಡವಾದವರು ದಾಟಿಹೋಗಬಹುದು. 1787ರಲ್ಲಿ ಲವಾಸಿಯೆ ಮತ್ತು ಅವನ ಸಂಗಡಿಗರು ಈ ಅನಿಲಕ್ಕೆ, ಉರಿದರೆ ನೀರಾಗುತ್ತದೆಂದು, ನೀರನ್ನು ಹುಟ್ಟಿಸುವುದು ಎಂಬರ್ಥದ ಹೆಸರಿಟ್ಟರು. ನಾವು ಜಲಜನಕವೆಂದೆವು. ಪಾಚಿಯ ಸೀಸೆಯಲ್ಲಿ ನೀರೇ ತನ್ನ ಜನಕನನ್ನು ಹೆರುತ್ತದೆ. ಇಂಥದನ್ನು ಅಲ್ಲಮನ ಬೆಡಗಿನಲ್ಲಿ ಕಂಡರೆ ಟೀಕೆ ಬರೆಯಲು ನಾವು ಸಿದ್ಧ. ರಸಾಯನಶಾಸ್ತ್ರದಲ್ಲಿ ಕಂಡರೆ ಕಣ್ಣು ಕಣ್ಣು ಬಿಡುತ್ತೇವೆ.

ಭಾಷಣ ಚೆನ್ನಾಗಿ ಆಯಿತು. ಕೊನೆಗೆ ಎರಡನೆಯ ವರ್ಷದ ಹುಡುಗಿಯೊಬ್ಬಳು ಎದ್ದು, “ಮೇಡಂ, ಇದರಿಂದ ನಮ್ಮ ಮನೆಯ ಒಲೆ ಉರಿಸಬಹುದಾ?” ಎಂದಳು. ಕೆಲವರು ನಕ್ಕರು. ಅವಳು ನಗಲಿಲ್ಲ. ಮನೆಯಲ್ಲಿ ಸಿಲಿಂಡರ್ ಇದೆ, ದುಡ್ಡು ಕೂಡಿದ ತಿಂಗಳು ತುಂಬಿಸುತ್ತೇವೆ, ಮಿಕ್ಕಂತೆ ಅವ್ವ ಸೌದೆಯಲ್ಲೇ ಬೇಯಿಸುತ್ತಾಳೆ ಎಂದಳು.

ಇಂಥ ಕಡೆ ಸುಳ್ಳು ಹೇಳುವುದು ಬಹಳ ಸುಲಭ. ಚಪ್ಪಾಳೆಯೂ ಬಿದ್ದೀತು. ಅಧ್ಯಾಪಕಿ ಹೇಳಲಿಲ್ಲ. ಪ್ರಯೋಗವಾಗಿ ಅರ್ಧ ಶತಮಾನ ಕಳೆದಿದೆ. ಅಂದು ಬಿದ್ದ ಬೆಳಕಿನಲ್ಲಿ ನೂರಕ್ಕೆ ಒಂದು ಪಾಲೂ ಜಲಜನಕವಾಗಲಿಲ್ಲ. ಆಯ್ದುಕೊಳ್ಳುವ ಕಿಣ್ವದ ಜೀನನ್ನು ಕೆಡಿಸಿದರೆ ಫಲ ಹೆಚ್ಚುತ್ತದೆ, ಆದರೂ ಒಲೆಯ ಮಟ್ಟಕ್ಕೆ ಬಂದಿಲ್ಲ. ಒಟ್ಟಿಗೆ ಬರುವ ಎರಡು ಅನಿಲಗಳನ್ನು ಬೇರ್ಪಡಿಸದಿದ್ದರೆ ಸಿಡಿಯುವ ಭಯ. ಕೇಂದ್ರ ಸರ್ಕಾರ 2023ರಲ್ಲಿ ಹಸಿರು ಜಲಜನಕಕ್ಕೆಂದು 19,744 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು; ಅಲ್ಲಿ ಮುಖ್ಯವಾದದ್ದು ಬಿಸಿಲು-ಗಾಳಿಯ ವಿದ್ಯುತ್ತಿನಿಂದ ನೀರೊಡೆಯುವ ಯಂತ್ರವೇ ಹೊರತು ಪಾಚಿಯಲ್ಲ. ಇಷ್ಟನ್ನೂ ನಿಧಾನವಾಗಿ ಹೇಳಿ, “ಅದಕ್ಕೆ ಬೇಕಾದ್ದು ಸಾರಜನಕ, ಕಣಮ್ಮ. ಜಲಜನಕ ನಮಗೆ ಬೇಕಾದ್ದು. ಅದನ್ನು ಉಪವಾಸ ಕೆಡವಿ ನಾವು ಕೇಳುತ್ತಿದ್ದೇವೆ” ಎಂದರು.

ಹುಡುಗಿಯ ಮುಖ ಸಪ್ಪಗಾಯಿತು. ಹಳಗನ್ನಡದ ತರಗತಿಯಲ್ಲಿ ‘ಇದರಿಂದ ಕೆಲಸ ಸಿಗುತ್ತದೆಯೇ ಸಾರ್’ ಎಂದು ಕೇಳುವ ಮುಖಗಳನ್ನು ಇಪ್ಪತ್ತು ವರ್ಷದಿಂದ ನೋಡುತ್ತಿರುವ ನನಗೆ ಆ ಸಪ್ಪೆ ಗೊತ್ತು. ಅದಕ್ಕೆ ಒಗ್ಗಿಕೊಳ್ಳುವುದು ಗೊತ್ತಿಲ್ಲ. ಅಪ್ಪನ ಗದ್ದೆಯಲ್ಲಿ ಪಾಚಿ ಇದೆಯೇ ಎಂದು ಅಧ್ಯಾಪಕಿ ಕೇಳಿದರು. ಇದೆ, ಅಪ್ಪ ಕೋಲಿನಿಂದ ಎಳೆದು ಬದುವಿಗೆ ಹಾಕುತ್ತಾನೆ ಎಂದಳು. ಹೆಕ್ಟೇರಿಗೆ ಇಪ್ಪತ್ತು ಮೂವತ್ತು ಕಿಲೋ ಸಾರಜನಕವನ್ನು ಇಂಥ ಪಾಚಿ ಒಂದು ಬೆಳೆಗೆ ಕೊಡಬಲ್ಲದೆಂಬ ಲೆಕ್ಕ ಆಗ ಬಂತು. ಎಲ್ಲ ಪಾಚಿಯೂ ಆ ಜಾತಿಯದಲ್ಲ, ನೋಡಿಯೇ ಹೇಳಬೇಕು ಎಂಬ ಎಚ್ಚರಿಕೆಯೂ ಬಂತು.

ಸೋಮವಾರ ಅವಳು ಉಪ್ಪಿನಕಾಯಿಯ ಸೀಸೆಯಲ್ಲಿ ಗದ್ದೆಯ ನೀರು ತಂದಳು. ನನ್ನನ್ನೂ ಕರೆದರು. ಸೂಕ್ಷ್ಮದರ್ಶಕದಲ್ಲಿ ಮೊದಲು ನನಗೆ ಕಂಡದ್ದು ನನ್ನ ರೆಪ್ಪೆಗೂದಲು. ಆಮೇಲೆ ಸರಗಳು ಕಂಡವು, ನಡುನಡುವೆ ಗೋಡೆ ದಪ್ಪಗಿದ್ದ ಮಸುಕು ಮಣಿಗಳು. ಹುಡುಗಿ ನನ್ನನ್ನು ಸರಿಸಿ ಕೂತು ಒಂದು ಮಡಿಕೋಶದಿಂದ ಇನ್ನೊಂದರವರೆಗೆ ಎಣಿಸತೊಡಗಿದಳು. ಹನ್ನೊಂದು, ಎಂದಳು. ಮುಂದಿನದು ಹದಿನಾಲ್ಕು. ಬೆರಳು ಕೊಂಚ ಅಲುಗಿ ಲೆಕ್ಕ ತಪ್ಪಿತು. ಮತ್ತೆ ಮೊದಲಿನಿಂದ ಎಣಿಸಿದಳು.