ಬಿಲ್ಲೆ ಇಲ್ಲದ ವರದಿಗಾರರು

ಹಿರೇನಲ್ಲೂರಿನ ನಮ್ಮ ಮನೆಯ ಅಟ್ಟದ ಟ್ರಂಕಿನಲ್ಲಿ ಒಂದು ಹಿತ್ತಾಳೆ ಬಿಲ್ಲೆ ಇದೆ. ಮಹಾರಾಜರ ಕಾಲದಲ್ಲಿ ನಮ್ಮ ತಾತ ಕಚೇರಿ ಜವಾನ. ಎದೆಗೆ ಅಡ್ಡಪಟ್ಟಿ, ಪಟ್ಟಿಯ ಮೇಲೆ ಈ ಬಿಲ್ಲೆ. ಅದನ್ನು ಕಂಡರೆ ಊರವರು ಎದ್ದು ನಿಲ್ಲುತ್ತಿದ್ದರಂತೆ. "ಎದ್ದಿದ್ದು ನಂಗಲ್ಲ ಕಣೋ, ಹಿತ್ತಾಳೆಗೆ" ಅಂತ ತಾತ ನಗೋರು. ಚಪರಾಸಿ ಅನ್ನೋ ಮಾತು ಹುಟ್ಟಿದ್ದೂ ಹೀಗೇ. ಚಪ್ರಾಸ್ ಅಂದರೆ ಬಿಲ್ಲೆ, ತೊಟ್ಟವನು ಚಪರಾಸಿ.

ಮುದ್ರೆಯ ಕಥೆ ಇನ್ನೂ ಹಳೆಯದು. ಹಿಂದಿನ ಅರಸರು ತಾಮ್ರಪಟಗಳಿಗೆ ತೂತು ಕೊರೆದು, ಬಳೆ ಪೋಣಿಸಿ, ಬಳೆಯ ಬಾಯಿಗೆ ಮುದ್ರೆ ಬೆಸೆಯುತ್ತಿದ್ದರು. ಗಂಗರದು ಆನೆ, ಬಾದಾಮಿ ಚಾಲುಕ್ಯರದು ವರಾಹ. ಬಳೆ ಮುರಿಯದೆ ಹಾಳೆ ಬದಲಿಸುವಂತಿರಲಿಲ್ಲ. ವಿಜಯನಗರದ ಎಷ್ಟೋ ತಾಮ್ರಪಟಗಳು ಸಂಸ್ಕೃತದಲ್ಲಿದ್ದರೂ ಕೊನೆಯ ರುಜು ಮಾತ್ರ ಕನ್ನಡ ಅಕ್ಷರದಲ್ಲಿ, 'ಶ್ರೀ ವಿರೂಪಾಕ್ಷ' ಎಂದು.

ದೂರದ ಕೊರಿಯಾದಲ್ಲೂ ಹೀಗೇ ಇತ್ತು. 1413ರಲ್ಲಿ ಅಲ್ಲಿನ ರಾಜ 16 ತುಂಬಿದ ಗಂಡಸರೆಲ್ಲ ಹೋಪೆ ಎಂಬ ಗುರುತಿನ ಬಿಲ್ಲೆ ಇಟ್ಟುಕೊಳ್ಳಬೇಕೆಂದ. ದೊಡ್ಡ ಅಧಿಕಾರಿಗೆ ದಂತದ್ದು, ರೈತನಿಗೆ ಮರದ್ದು. ರಾಜನ ಗುಪ್ತ ತನಿಖಾಧಿಕಾರಿ ಹರಕು ಬಟ್ಟೆ ಉಟ್ಟು ಊರೂರು ಸುತ್ತಿ ಜನರ ಕಷ್ಟ ಕೇಳುತ್ತಿದ್ದ. ಅವನ ಬಳಿ ಮಾಪೆ ಎಂಬ ದುಂಡು ಬಿಲ್ಲೆ. ಅದರ ಮೇಲೆ ಎಷ್ಟು ಕುದುರೆ ಕೆತ್ತಿದೆಯೋ, ಠಾಣೆಯಲ್ಲಿ ಅಷ್ಟು ಕುದುರೆ ಕೊಡಬೇಕು.

ನಾವೂ ಊರೂರು ಸುತ್ತುವವರೇ. ಆದರೆ ಹತ್ತು ವರ್ಷ ಸುದ್ದಿ ಕಳಿಸಿದರೂ ಪತ್ರಿಕೆಯಿಂದ ಒಂದು ಗುರುತಿನ ಚೀಟಿ ಬಂದಿಲ್ಲ.

ಕಳೆದ ವರ್ಷ ಒಂದು ಕಚೇರಿಯ ಸಭೆಗೆ ಹೋದೆವು. ಬಾಗಿಲಲ್ಲೇ "ಕಾರ್ಡ್ ತೋರ್ಸಿ" ಅಂದರು. ತೋರಿಸಲು ಏನಿದೆ? ತಾತ ಕಾಯುತ್ತಿದ್ದಂಥ ಬಾಗಿಲಿನ ಹೊರಗೆ, ಕಲ್ಲುಬೆಂಚಿನ ಮೇಲೆ ಕೂತೆವು. ಮುಖ ತೋರಿಸಲು ನಾಚಿಕೆ. ಪಕ್ಕದಲ್ಲಿ ಒಬ್ಬ ಅಜ್ಜಿ. ಪಿಂಚಣಿ ನಿಂತು ಆರು ತಿಂಗಳು, ಅರ್ಜಿಯಲ್ಲಿ ಒಂದು ಸೀಲು ಇಲ್ಲವೆಂದು ನಾಲ್ಕನೇ ಸಲ ವಾಪಸ್. ನಮ್ಮ ಮುಖ ನೋಡಿ ಕೇಳಿದರು, "ನಿಂಗೂ ಸೀಲ್ ಬಿದ್ದಿಲ್ವೇನಪ್ಪ?"

ಒಳಗಿನ ಸಭೆಯ ಸುದ್ದಿ ನಮಗೆ ಸಿಗಲಿಲ್ಲ. ಅಜ್ಜಿಯ ಸುದ್ದಿ ಬರೆದೆವು. ನಾಲ್ಕು ಸಾಲು ಬಂತು, ನಮ್ಮ ಹೆಸರಿಲ್ಲದೆ. ಅಜ್ಜಿ ಅದನ್ನು ಕತ್ತರಿಸಿ ಅರ್ಜಿಗೆ ಪಿನ್ನು ಚುಚ್ಚಿಕೊಂಡು ಐದನೇ ಸಲ ಹೋದರು. ಸೀಲು ಬಿತ್ತು. ಎರಡು ತಿಂಗಳಿಗೆ ದುಡ್ಡೂ ಬಂತು.

ನಮ್ಮ ಕಾರ್ಡು ಇನ್ನೂ ಬಂದಿಲ್ಲ. ನೀವು ಮಾತ್ರ ಯಾವ ಕಚೇರಿಗೆ ಅರ್ಜಿ ಕೊಟ್ಟರೂ ಇನ್ನೊಂದು ಪ್ರತಿ ಇಟ್ಟುಕೊಂಡು, ಅದರ ಮೇಲೆ ತಾರೀಕು, ಸೀಲು ಹಾಕಿಸಿಕೊಳ್ಳದೆ ಮನೆಗೆ ಬರಬೇಡಿ.