ತಂಗಿಯ ಮನೆಯ ಬಾವಿ

ಮೇ ತಿಂಗಳು ಬಂದಾಗಲೆಲ್ಲ ಕುಮಟಾದಲ್ಲಿರುವ ನನ್ನ ತಂಗಿಯ ಮನೆಯ ಬಾವಿ ನೆನಪಾಗುತ್ತದೆ. ಅದನ್ನು ಎಲ್ಲಿ ತೋಡಬೇಕೆಂದು ಹೇಳಿದವನು ನಾನೇ.

ಆಗ ನಾನು ಹೊನ್ನಾವರದಲ್ಲಿ ಗಣಿತದ ಶಿಕ್ಷಕ. ಶರಾವತಿಯ ದಡದ ವಿದ್ಯಾರ್ಥಿಗಳಿಂದ ಅವರವರ ಬಾವಿಯ ನೀರಿನ ಮಟ್ಟವನ್ನು ಬರೆಯಿಸಿದ್ದೆ. ಉಪ್ಪಿನ ಅಂಶವನ್ನು ರಸಾಯನಶಾಸ್ತ್ರದ ಮಿತ್ರರೊಬ್ಬರು ಅಳೆದುಕೊಟ್ಟಿದ್ದರು. ನೀರು ಎತ್ತರದಲ್ಲಿ ನಿಂತಲ್ಲಿ ಉಪ್ಪು ಕಡಿಮೆ ಎಂದು ಕಂಡಿತು. ಅದೇ ಧೈರ್ಯದಿಂದ, ಎರಡು ಫರ್ಲಾಂಗು ದೂರದ ಸಿಹಿನೀರಿನ ಬಾವಿಯೊಂದನ್ನು ನೋಡಿ, ತಂಗಿಗೆ ಜಾಗ ತೋರಿಸಿದೆ. ಚಿರೆಕಲ್ಲು ಕಡಿದು ಬಾವಿ ತೋಡಿದರು. ಮಳೆಗಾಲದಲ್ಲಿ ಅಮೃತದಂತಿದ್ದ ನೀರು ಬೇಸಿಗೆಗೆ ಬಾಯಿಗಿಡಲಾಗದಷ್ಟು ಉಪ್ಪಾಯಿತು.

ಭಟ್ಕಳದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಭೂವಿಜ್ಞಾನ ಓದಿದವನು. ಈಚೆಗೆ ಮನೆಗೆ ಬಂದಾಗ ಹಳೆಯ ಪಟ್ಟಿಯನ್ನು ನೋಡಿ, "ಸರ್, ಎರಡೂ ಒಟ್ಟಿಗೆ ಬದಲಾಗುತ್ತವೆ ಎಂದು ಕಂಡಿರಿ, ಎಷ್ಟು ದೂರದವರೆಗೆ ಎಂದು ಕೇಳಲಿಲ್ಲ" ಎಂದ.

ಅವನು ವಿವರಿಸಿದ್ದು ಕ್ರಾಸ್ ವೇರಿಯೋಗ್ರಾಮ್ ಎಂಬ ಲೆಕ್ಕ. ನೂರು ಮೀಟರ್ ಅಂತರದ ಎರಡು ಬಾವಿಗಳನ್ನು ತೆಗೆದುಕೊಳ್ಳಿ. ಒಂದರಲ್ಲಿ ನೀರು 2 ಮೀಟರ್ ಎತ್ತರ, ಉಪ್ಪು ಲೀಟರಿಗೆ 300 ಮಿಲಿಗ್ರಾಂ ಕಡಿಮೆ ಎನ್ನೋಣ. ವ್ಯತ್ಯಾಸಗಳ ಗುಣಲಬ್ಧ ಋಣ 600. ಅಷ್ಟೇ ಅಂತರದ ಎಲ್ಲ ಜೋಡಿಗಳ ಗುಣಲಬ್ಧಗಳ ಸರಾಸರಿ ತೆಗೆದು ಅರ್ಧ ಮಾಡಬೇಕು. ಬಳಿಕ ಇನ್ನೂರು, ಮುನ್ನೂರು ಮೀಟರಿಗೂ ಹಾಗೆಯೇ. ಅಂಕಿಯು ಬೆಳೆದು ಒಂದೆಡೆ ಸಮನಾಗಿ ನಿಂತರೆ, ಅದರಾಚೆಯ ಬಾವಿ ನಮ್ಮ ಬಾವಿಯ ವಿಷಯದಲ್ಲಿ ಸಾಕ್ಷಿ ಹೇಳಲಾರದು. ಈ ಸಂಬಂಧ ತಿಳಿದಿದ್ದರೆ, ಹಲವೆಡೆ ಅಳೆದ ನೀರಿನ ಮಟ್ಟದ ನೆರವಿನಿಂದ, ಕೆಲವೆಡೆ ಮಾತ್ರ ಪರೀಕ್ಷಿಸಿದ ಉಪ್ಪನ್ನು ಉಳಿದೆಡೆಗೂ ಅಂದಾಜಿಸಬಹುದು, ಅದು ಕೋಕ್ರಿಗಿಂಗ್. ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳಲ್ಲಿ ದುಡಿದ ಡ್ಯಾನಿ ಕ್ರಿಗೆಯವರ 1951ರ ಕೆಲಸವನ್ನು ಫ್ರಾನ್ಸಿನ ಜಾರ್ಜ್ ಮಾತೆರೋನ್ 1960ರ ದಶಕದಲ್ಲಿ ಶಾಸ್ತ್ರವಾಗಿ ಕಟ್ಟಿದರು.

ನನ್ನ ಇನ್ನೊಂದು ತಪ್ಪೂ ತಿಳಿಯಿತು. ಶರಾವತಿಗೆ 1964ರಿಂದ ಲಿಂಗನಮಕ್ಕಿ ಅಣೆಕಟ್ಟಿದೆ. ವಿದ್ಯುದಾಗಾರಗಳಿಂದ ಬೇಸಿಗೆಯಲ್ಲೂ ಸಿಹಿನೀರು ಇಳಿದುಬರುತ್ತದೆ. ಅಘನಾಶಿನಿಗೆ ಅಂಥ ಅಣೆಕಟ್ಟಿಲ್ಲ. ಬೇಸಿಗೆಯ ಭರತದ ಉಪ್ಪುನೀರು ಒಳಗೆ ಬಹುದೂರ ಏರುತ್ತದೆ. ಅಲ್ಲಿನ ಗಜನಿಗಳಲ್ಲಿ ಉಪ್ಪನ್ನು ತಾಳುವ ಕಗ್ಗ ಭತ್ತವನ್ನು ಬೆಳೆಯುತ್ತ ಬಂದ ರೈತರಿಗೆ ಗೊತ್ತಿದ್ದುದನ್ನು ನಾನು ಕೇಳಲೇ ಇಲ್ಲ. ಒಂದು ಹೊಳೆಯ ಲೆಕ್ಕವನ್ನು ಇನ್ನೊಂದಕ್ಕೆ ಹಚ್ಚಿದೆ.

ತಂಗಿ ಹಲವು ಬೇಸಿಗೆ ಆ ದೂರದ ಬಾವಿಯಿಂದಲೇ ಕೊಡ ಹೊತ್ತಳು. ಒಮ್ಮೆಯೂ ದೂರಲಿಲ್ಲ. "ಅಣ್ಣನ ಲೆಕ್ಕ ತಪ್ಪಲಿಕ್ಕಿಲ್ಲ, ನೀರಿಗೇ ಲೆಕ್ಕ ಬರುವುದಿಲ್ಲ" ಎಂದು ನಗುತ್ತಿದ್ದಳು. ಈ ವಿಷಯವನ್ನು ಅವಳಿಗೆ ಇನ್ನೂ ಹೇಳಿಲ್ಲ. ಮುಂದಿನ ವಾರ ಕುಮಟಾಕ್ಕೆ ಹೋಗುವವನಿದ್ದೇನೆ.